ಅಕ್ಕನ ಪಾಲಿನ ಬಿಳಿ

ಹಿರಿಯೂರಿನ ಬಸ್ ನಿಲ್ದಾಣದ ಎದುರು ಸಂಜೆ ಹೊತ್ತು ಒಂದು ಆಮ್ಲೆಟ್ ಗಾಡಿ ನಿಲ್ಲುತ್ತದೆ. ಗಾಡಿಯವನು ಒಂದೇ ಕೈಯಲ್ಲಿ ಮೊಟ್ಟೆ ಒಡೆಯುತ್ತಾನೆ. ಈ ಸೋಮವಾರ ಮನೆಗೆ ಹೋಗಲು ಬಬ್ಬೂರಿನ ಬಸ್ಸಿಗೆ ಕಾಯುತ್ತಿದ್ದಾಗ ಆ ಹಸಿ ವಾಸನೆ ಮೂಗಿಗೆ ಬಡಿದು, ಬಸ್ಸು ಬಂದು ಹೋದದ್ದೂ ತಿಳಿಯದೆ ನಿಂತುಬಿಟ್ಟೆ. ನೀವು ನಕ್ಕರೂ ಸರಿಯೆ, ಎರಡು ವರ್ಷ ಮೊಟ್ಟೆ ಒಡೆಯುವುದೇ ನನ್ನ ಭಾನುವಾರದ ಕಸುಬಾಗಿತ್ತು. ಆ ಕೈಚಳಕ ಮಾತ್ರ ನನಗೆ ಕೊನೆಗೂ ಬರಲಿಲ್ಲ.

ಎರಡೂ ಕಿಡ್ನಿ ಕೈಕೊಟ್ಟ ಮೇಲೆ ಅಕ್ಕ ಬಿ.ದುರ್ಗದಿಂದ ನಮ್ಮ ಮನೆಗೆ ಬಂದಳು. ಭಾವ ತೀರಿಕೊಂಡು ಬಹಳ ಕಾಲವಾಗಿತ್ತು. ಮಂಗಳವಾರ, ಶುಕ್ರವಾರ ಹಿರಿಯೂರಿನಲ್ಲಿ ಡಯಾಲಿಸಿಸ್. ಯಂತ್ರ ರಕ್ತ ತೊಳೆಯುವಾಗ ಮೈಯ ಸತ್ವವೂ ಒಂದಿಷ್ಟು ಹೋಗುತ್ತದೆ, ದಿನಾ ಎರಡು ಮೊಟ್ಟೆಯ ಬಿಳಿ ಕೊಡಿ, ಹಳದಿ ಬೇಡ ಎಂದರು ಡಾಕ್ಟರು. ಹೆಂಡತಿ ಶಾಲೆಗೆ ಬೇಗ ಹೊರಡುವವಳು. ನಾನು ಕೃಷಿ ಸಂಶೋಧನಾ ಕೇಂದ್ರದ ಗುಮಾಸ್ತ. ಬೆಳಗಿನ ಗಡಿಬಿಡಿಯಲ್ಲಿ ನಾನು ಒಡೆದ ಬಟ್ಟಲಲ್ಲಿ ಬಿಳಿಯ ಜೊತೆ ಹಳದಿಯೂ ಇರುತ್ತಿತ್ತು, ಚಿಪ್ಪಿನ ಚೂರೂ ಇರುತ್ತಿತ್ತು. ಹೆಂಡತಿಯೇ ದಾರಿ ತೋರಿಸಿದಳು. ಭಾನುವಾರ ವಾರಕ್ಕಾಗುವಷ್ಟನ್ನು ಒಟ್ಟಿಗೆ ಒಡೆದು, ಬಿಳಿಯನ್ನಷ್ಟೇ ಎರಡೆರಡರಂತೆ ಸಣ್ಣ ಡಬ್ಬಿಗಳಿಗೆ ಹುಯ್ದು ಫ್ರೀಜರಿನಲ್ಲಿಡುವುದು. ನಾಳೆಯ ಡಬ್ಬಿಯನ್ನು ಇವತ್ತೇ ಫ್ರಿಜ್ಜಿನ ಕೆಳಗಿನ ಅರೆಗೆ ಇಳಿಸಿದರೆ ಬೆಳಗಿನ ಹೊತ್ತಿಗೆ ಕರಗಿರುತ್ತದೆ. ಮುಚ್ಚಳದ ಮೇಲೆ ನಾನು ವಾರದ ಹೆಸರು ಬರೆಯುತ್ತಿದ್ದೆ. ಕಚೇರಿಯ ಕಡತಗಳಲ್ಲೂ ಅಷ್ಟು ಶಿಸ್ತು ತೋರಿದವನಲ್ಲ.

ಉಳಿದ ಹಳದಿ ಈರುಳ್ಳಿ, ಖಾರದಪುಡಿಯೊಂದಿಗೆ ಬಾಣಲೆಗೆ ಬೀಳುತ್ತಿತ್ತು. ತಿನ್ನುವವರು ನಾನು, ನನ್ನ ಹೆಂಡತಿ. ಅಂಥದೊಂದು ಭಾನುವಾರ ಅಕ್ಕ ಬಾಗಿಲ ಚೌಕಟ್ಟು ಹಿಡಿದುಕೊಂಡು ಬಂದು ನಿಂತಳು.

“ಒಂದು ಚೂರು ಹಳದಿ ಕೊಡಪ್ಪ. ಸಣ್ಣೋಳಿದ್ದಾಗ್ಲೂ ನಾನು ಅದನ್ನ ತಿಂದೋಳಲ್ಲ.”

ನಿಜ. ಅಪ್ಪ ಕುರಿ ಹೊಡೆದುಕೊಂಡು ತಿಂಗಳುಗಟ್ಟಲೆ ಹೋಗಿರುತ್ತಿದ್ದ. ಅವ್ವ ಒಂದು ಮೊಟ್ಟೆ ಬೇಯಿಸಿದರೆ ಹಳದಿ ಇಡಿಯಾಗಿ ನನಗೆ, ಸುತ್ತಲಿನ ಬಿಳಿ ಅಕ್ಕನಿಗೆ. ಅವಳಿಗೆ ಇಷ್ಟವೇ ಅದು ಎಂದು ಇಷ್ಟು ವರ್ಷ ತಿಳಿದಿದ್ದೆ.

ಆದರೂ ಕೊಡಲಿಲ್ಲ. “ಬ್ಯಾಡಕ್ಕ. ಮುಂದಿನ ಸಲ ರಿಪೋರ್ಟ್ ಚೆನ್ನಾಗಿ ಬರ್ಲಿ, ಆಮೇಲೆ ತಿನ್ನುವಂತೆ” ಎಂದೆ. ಅವಳು ಒಳಗೆ ಹೋದಳು.

ಹತ್ತು ದಿನಕ್ಕೆ, ಒಂದು ಬುಧವಾರ ಬೆಳಿಗ್ಗೆ, ತಿಂಡಿ ಮುಗಿಸಿ ಗೋಡೆಗೆ ಒರಗಿ ಕೂತವಳು ಹಾಗೇ ಪಕ್ಕಕ್ಕೆ ವಾಲಿದಳು. ಆಸ್ಪತ್ರೆ ಮುಟ್ಟುವ ಮೊದಲೇ ಹೃದಯ ನಿಂತಿತ್ತು. ಕಾರ್ಯವೆಲ್ಲ ಮುಗಿದ ಮೇಲೆ ಡಾಕ್ಟರನ್ನು ಕೇಳಿದೆ. ಎಂದೋ ಒಂದು ದಿನ ಒಂದು ಚೂರು ಹಳದಿ ತಿಂದಿದ್ದರೆ ಏನೂ ಆಗುತ್ತಿರಲಿಲ್ಲ ಎಂದರು. ಕೇಳಬಾರದಿತ್ತು.

ಫ್ರೀಜರಿನಲ್ಲಿ ಗುರುವಾರ, ಶುಕ್ರವಾರ, ಶನಿವಾರ ಉಳಿದವು. ಎರಡು ತಿಂಗಳು ಅವನ್ನು ನಾನೂ ಮುಟ್ಟಲಿಲ್ಲ, ಹೆಂಡತಿಯೂ ಮುಟ್ಟಲಿಲ್ಲ. ಗಾಡಿಯ ಮುಂದೆ ನಿಂತು ಬಸ್ಸು ತಪ್ಪಿಸಿಕೊಂಡ ಆ ಸಂಜೆ ಮನೆಗೆ ಬಂದು, ಇವನ್ನು ರತ್ನಮ್ಮನಿಗಾದರೂ ಕೊಡೋಣ ಎಂದೆ. ರತ್ನಮ್ಮ ಡಯಾಲಿಸಿಸ್ ವಾರ್ಡಿನಲ್ಲಿ ಅಕ್ಕನ ಪಕ್ಕದ ಹಾಸಿಗೆಯವರು, ಮಾರುಕಟ್ಟೆಯ ಮಂಡಿಯಲ್ಲಿ ತೆಂಗಿನಕಾಯಿ ಸುಲಿಯುವ ಕೆಲಸ ಮಾಡುತ್ತಿದ್ದವರು.

ನಿನ್ನೆ ಶುಕ್ರವಾರ ಡಬ್ಬಿಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೋದೆ. ಅಕ್ಕನ ಹಾಸಿಗೆಯಲ್ಲಿ ಈಗ ಬೇರೆ ಯಾರೋ. ಅತ್ತ ಕಣ್ಣು ಹಾಯಿಸದೆ ರತ್ನಮ್ಮನ ಕಡೆ ತಿರುಗಿ ನಿಂತು, ಹಳದಿಯ ವಿಷಯವನ್ನೆಲ್ಲ ಹೇಳಿಬಿಟ್ಟೆ.

“ನಂಗೊತ್ತು ರೀ. ಅದಾದ ಮಂಗಳವಾರ ಬಂದಾಗ ನಿಮ್ಮಕ್ಕ ಹೇಳಿದ್ಲು. ಸಾಯೋರಿಗಾದ್ರೆ ಕೇಳಿದ್ದೆಲ್ಲ ಕೊಟ್ಬಿಡ್ತಾರೆ, ನನ್ ತಮ್ಮ ಕೊಡ್ಲಿಲ್ಲ, ನಾನಿನ್ನೂ ಇರ್ತೀನಿ ಅಂತ ಅವನಿಗೆ ನಂಬ್ಕೆ ಐತೆ ಅಂತ. ಅವತ್ತೆಲ್ಲ ಖುಷಿಯಾಗೇ ಇದ್ಲು.”

ಡಬ್ಬಿಗಳ ಗಂಟನ್ನು ಅವರ ಹಾಸಿಗೆಯ ಪಕ್ಕ ಇಟ್ಟೆ. ನರ್ಸು ಬಂದು ಯಂತ್ರ ನೋಡಿ ಹೋದಳು. ಆಮೇಲೆ ಮುಖ ಒರೆಸಿಕೊಂಡು ಅಕ್ಕನಿದ್ದ ಹಾಸಿಗೆಯತ್ತ ತಿರುಗಿದೆ. ವಯಸ್ಸಾದ ಒಬ್ಬ ಹೆಂಗಸು ನನ್ನನ್ನೇ ನೋಡುತ್ತ ಮಲಗಿದ್ದರು. ಯಾವೂರಮ್ಮ ನಿಮ್ಮದು ಎಂದು ಕೇಳಿದೆ.