ಮೊದಲ ಸಲ ಬೇಡ ಎನ್ನಬೇಕು

ಕುಂದಾಪುರದಲ್ಲಿ ಕಾಲೇಜು ಓದುತ್ತಿದ್ದಾಗ, ವಿದ್ಯಾರ್ಥಿ ವಿನಿಮಯವೆಂದು ನನ್ನನ್ನು ಒಂದು ತಿಂಗಳು ಜರ್ಮನಿಗೆ ಕಳಿಸಿ, ಅಲ್ಲಿಯವರೊಬ್ಬರ ಮನೆಯಲ್ಲಿ ಇರಿಸಿದ್ದರು. ಮೊದಲ ದಿನದ ಊಟದಲ್ಲಿ ಮನೆಯೊಡತಿ, "ಇನ್ನೂ ಸ್ವಲ್ಪ ಬಡಿಸಲೇ?" ಎಂದರು. ನಮ್ಮಲ್ಲಿ ಮೊದಲ ಸಲ ಬೇಡ ಎನ್ನುವುದು ಮರ್ಯಾದೆ, ಮೂರನೇ ಸಲಕ್ಕೆ ಒಪ್ಪುವುದು. ನಾನೂ ಬೇಡ ಎಂದೆ. ಅವರು ಪಾತ್ರೆ ಎತ್ತಿ ಒಳಗಿಟ್ಟರು. ಎರಡನೇ ಸಲ ಕೇಳಿಯಾರೆಂದು ವಾರವಿಡೀ ಅರೆಹೊಟ್ಟೆಯಲ್ಲಿ ಕಾದೆ.

ಮರುವರ್ಷ ಅವರ ಮಗಳು ನಮ್ಮ ಮನೆಗೆ ಬಂದಳು. ಐದು ನೀರು ದೋಸೆಯಾದ ಮೇಲೆ ತಟ್ಟೆಗೆ ಕೈ ಅಡ್ಡ ಹಿಡಿದಳು.

"ಎಂತಕ್ಕೆ ನಾಚ್ಕಿ? ತಿನ್ ಹೆಣ್ಣೇ," ಎಂದು ಅಮ್ಮ ಆರನೆಯದನ್ನು ಹಾಕಿಯೇಬಿಟ್ಟಳು.

ಸಾಕು ಎನ್ನಲು ಕನ್ನಡದಲ್ಲಿ ಏನು ಹೇಳಬೇಕೆಂದು ಹುಡುಗಿ ನನ್ನನ್ನು ಮೆಲ್ಲಗೆ ಕೇಳಿದಳು.

"ಇನ್ನೆರಡು ಹಾಕಿ" ಎಂದು ಕಲಿಸಿದೆ.