ಮಡ್ಡಿಗೆ ಏನೂ ಕೊಡಬಾರದು

ಪ್ರಯಾಗಬಾಯಿಯವರ ಎಡಗಿವಿಯಲ್ಲಿ ಹಗಲುಹೊತ್ತು ಓಲೆ ಇರುತ್ತಿರಲಿಲ್ಲ. ಅದು ಸೆರಗಿನ ತುದಿಯಲ್ಲಿ ಗಂಟಾಗಿರುತ್ತಿತ್ತು. ಬೀದರ ಬಸ್ ನಿಲ್ದಾಣದಲ್ಲಿ ಬಸ್ಸುಗಳ ಹೆಸರು ಕೂಗುವುದು ಅವರ ಕೆಲಸ. ಫೋನು ಎಡಗಿವಿಗೆ, ಮೈಕು ಬಾಯಿಗೆ. ಓಲೆ ಫೋನಿಗೆ ಬಡಿದರೆ ಆ ಸದ್ದು ನಿಲ್ದಾಣಕ್ಕೆಲ್ಲ ಕೇಳುತ್ತದೆಂದು ತೆಗೆದಿಡುತ್ತಿದ್ದರು. ನಿವೃತ್ತರಾದ ಮೇಲೂ ಹಾಗೆಯೇ ಇದ್ದರು.

ಬೀದರದ ಮೈಲೂರಿನಲ್ಲಿ ಅವರದು ನಮ್ಮ ಪಕ್ಕದ ಮನೆ. ಮನೆಯಲ್ಲೂ ಮಾತು ಪ್ರಕಟಣೆಯ ಧಾಟಿಯದೇ. "ಚಹಾ ಬಂದದ. ಕುಡಿಯೋರು ಲಗೂನ ಬರ್ರಿ" ಎಂದು ಗೋಡೆಯಾಚೆಯಿಂದ ಎರಡು ಸಲ ಹೇಳುತ್ತಿದ್ದರು. ಅವರ ಮನೆಯಿಂದ ಯಾರೂ ಬರಿಗೈಯಲ್ಲಿ ಹೊರಡುವಂತಿರಲಿಲ್ಲ. ಕರೆಂಟಿನ ಮೀಟರು ನೋಡಲು ಬಂದವನೂ ಬದನೆಕಾಯಿ ಹಿಡಿದುಕೊಂಡೇ ಮುಂದಿನ ಮನೆಗೆ ಹೋಗುತ್ತಿದ್ದ.

ಮಳೆ ಕೈಕೊಟ್ಟ ವರ್ಷಗಳಲ್ಲಿ ಔರಾದ, ಭಾಲ್ಕಿ ಕಡೆಯ ಮನೆಮಂದಿ ಪಾತ್ರೆ, ಹಾಸಿಗೆ, ಕೋಳಿ ಸಮೇತ ಹೈದರಾಬಾದು, ಪುಣೆಯ ಬಸ್ಸು ಹತ್ತುವುದನ್ನು ಅವರು ಕಿಟಕಿಯ ಜಾಲರಿಯ ಹಿಂದಿನಿಂದ ನೋಡಿದರು. ಅವರ ತವರು ಮನ್ನಳ್ಳಿಯವರೂ ಅದರಲ್ಲಿದ್ದರು. ಮನ್ನಳ್ಳಿಯ ಹೊರಗೆ, ರಸ್ತೆಗೆ ಹತ್ತಿಕೊಂಡು ಒಂದು ಮಡ್ಡಿ ಇದೆ. ಕೆಂಪುಕಲ್ಲಿನ ಮೇಲೆ ಬೆರಳುದ್ದದ ಮಣ್ಣು, ಅಷ್ಟೇ. ಬಿತ್ತಿದ್ದು ಒಣಗಿಹೋದ ವರ್ಷವೂ ಒಂದೆರಡು ಮಳೆ ಬಿದ್ದರೆ ಸಾಕು, ಅಲ್ಲಿ ಹಳದಿ, ನೇರಳೆ, ಬಿಳಿ ಹೂಗಳು ನೆಲ ಕಾಣದಂತೆ ಹಾಸಿಕೊಳ್ಳುತ್ತಿದ್ದವು. ಊರಿಗೆ ಮರಳುವವರು ಬಸ್ಸಿನಿಂದ ಅದನ್ನು ಕಂಡಕೂಡಲೇ ಸೀಟಿನ ಕೆಳಗೆ ಚಪ್ಪಲಿ ಹುಡುಕತೊಡಗುತ್ತಿದ್ದರು.

ಮಡ್ಡಿಯ ಒಡೆಯರು ಅದನ್ನು ಕಲ್ಲು ಕೊಯ್ಯುವವರಿಗೆ ಮಾರಲು ಹೊರಟರು. ಊರವರೇ ಕೂಡಿ ಕೊಂಡು ಹಾಗೇ ಬಿಡೋಣವೆಂದರು ಪ್ರಯಾಗಬಾಯಿ.

"ಜ್ವಾಳಕ್ಕೇ ಇಲ್ಲ, ಹೂವಿಗಿ ಯಾರು ರೊಕ್ಕಾ ಕೊಡ್ತಾರ್ರಿ ಅಕ್ಕೋರೆ?" ಎಂದ ಕುರಿಗಾರ ಮಾಳಪ್ಪ.

"ನಿನ್ನ ಕುರಿ ಎಲ್ಲಿ ಮೇಯ್ತಾವ? ಕಲ್ಲಿನ ಖಣಿಯೊಳಗ ಇಳೀತಾವೇನು?"

ಮಾಳಪ್ಪ ಯೋಚಿಸಿದ. "ಇಳೀತಾವ್ರಿ. ಹತ್ತಂಗಿಲ್ಲ." ಮೊದಲ ಪಾಲು ಅವನದೇ.

ಉಳಿದ ಪಾಲುಗಳನ್ನು ಅವರು ಬಸ್ಸಿನ ಮೆಟ್ಟಿಲ ಬಳಿ ನಿಂತು ಕೇಳಿದರು. ಪುಣೆಯಿಂದ ಇಳಿದವನೊಬ್ಬ, "ಅಲ್ಲಿ ಕಾಲು ಚಾಚಲಾಕ ಜಾಗಾ ಇಲ್ಲ, ಮಡ್ಡಿ ತಗೊಂಡು ಏನ್ ಮಾಡ್ಲಿ?" ಎಂದ.

"ಊರು ಬಂತಂತ ನಿನಗ ಹ್ಯಾಂಗ ಗೊತ್ತಾಗಬೇಕು? ಕಂಡಕ್ಟರ್ ಹೇಳಬೇಕೇನು?"

ಅವನು ಕೊಟ್ಟ. ಹೆಂಡತಿಯಿಂದಲೂ ಒಂದು ಪಾಲು ಕೊಡಿಸಿದ. ಹೀಗೆ ಮಡ್ಡಿ ಎಲ್ಲರದಾಯಿತು.

ತಮ್ಮದಾದದ್ದಕ್ಕೆ ಏನಾದರೂ ಮಾಡಬೇಕಲ್ಲ. ನಮ್ಮ ಕಡೆ ಹೊಲಕ್ಕೆ ಗೊಬ್ಬರವಾಗಲೆಂದು ರಾತ್ರಿ ಕುರಿ ನಿಲ್ಲಿಸುತ್ತಾರೆ. ರೈತರು ಅದಕ್ಕಾಗಿ ಕುರಿಗಾರರಿಗೆ ಜೋಳ ಕೊಡುತ್ತಾರೆ. ಮಾಳಪ್ಪನ ಬಳಗ ಆ ಬೇಸಿಗೆಯಿಡೀ ಮಡ್ಡಿಯ ಮೇಲೆ ಪುಕ್ಕಟೆಯಾಗಿ ಕುರಿ ನಿಲ್ಲಿಸಿತು. ಪ್ರಯಾಗಬಾಯಿ ಅವರಿಗೆ ರೊಟ್ಟಿ ಹೊತ್ತರು. ಮಳೆ ಬಿದ್ದಾಗ ಸೊಂಟದೆತ್ತರ ಪಾರ್ಥೇನಿಯಂ ಎದ್ದಿತು. ಹೂವಿಲ್ಲ. ಕುರಿಗಳು ಅದನ್ನು ಮೂಸಿ ಬೇರೆ ಕಡೆ ನೋಡಿದವು. ಬಸ್ಸಿನಲ್ಲಿ ಬಂದ ಕೆಲವರು ಮುಂದಿನ ಊರಿನಲ್ಲಿ ಇಳಿದು ಹಿಂದಕ್ಕೆ ನಡೆದರು.

ನಾನು ಆಗ ಕಲಬುರಗಿಯಲ್ಲಿ ಸಸ್ಯಶಾಸ್ತ್ರ ಓದುತ್ತಿದ್ದೆ. ಪ್ರಯಾಗಬಾಯಿ ನನ್ನನ್ನು ಮಡ್ಡಿಗೆ ಕರೆದೊಯ್ದರು; ಊರವರೂ ಬಂದು ಕೂಡಿದ್ದರು. ಈ ಹೂಗಳಿಗೆ ಬಡ ಮಣ್ಣೇ ಬೇಕು, ಗೊಬ್ಬರ ಸಿಕ್ಕರೆ ಕಳೆ ಎದ್ದು ಅವನ್ನು ಮುಚ್ಚಿಬಿಡುತ್ತದೆ ಎಂದೆ. ಪಕ್ಕದಲ್ಲಿದ್ದ ಪ್ರಯಾಗಬಾಯಿಯ ಹೊರತು ಯಾರಿಗೂ ಕೇಳಿಸಲಿಲ್ಲ. ಅವರು ಜನರತ್ತ ತಿರುಗಿದರು.

"ಮಡ್ಡಿಗಿ ಏನೂ ಕೊಡಬ್ಯಾಡ್ರಿ. ಹಗಲಿ ಮೇಯಿಸ್ರಿ, ಸಂಜಿಗಿ ಹೊಡಕೊಂಡು ಹೋಗ್ರಿ. ಮಡ್ಡಿಗಿ ಏನೂ ಕೊಡಬ್ಯಾಡ್ರಿ."

ಆಮೇಲೆ ನನಗೊಬ್ಬಳಿಗೆ ಹೇಳಿದರು: "ಕೊಡಬ್ಯಾಡ ಅನ್ನೂದು ನನಗ ಬರಂಗಿಲ್ಲವ್ವ. ರೂಢಿ ಮಾಡ್ಕೋಬೇಕು."

ರೂಢಿ ಮಾಡಿಕೊಂಡರು. ಮಳೆಗಾಲ ಬಂತೆಂದರೆ ಊರವರನ್ನು ಕರೆದುಕೊಂಡು ಕಳೆ ಕೀಳುತ್ತಿದ್ದರು. ನೀರು ಹಾಕಲು ಕೊಡ ತಂದವಳನ್ನು, ಸಸಿ ನೆಡಲು ಬಂದ ಸಾಹೇಬರನ್ನು ವಾಪಸು ಕಳಿಸಿದರು, ಕೈಯಲ್ಲಿ ಬದನೆಕಾಯಿ ಕೊಟ್ಟು. ಮೊದಲು ಅಂಚಿನಲ್ಲಿ, ಮರುವರ್ಷ ನಡುವೆಯೂ ಹಳದಿ ಕಾಣಿಸಿತು.

ಹೋದ ಬೇಸಿಗೆಯ ಕೊನೆಯಲ್ಲಿ, ಮಳೆ ಬರುವ ಮೊದಲು, ಪ್ರಯಾಗಬಾಯಿ ತೀರಿಕೊಂಡರು. ಮಣ್ಣು ಮಾಡಿ ಬಂದ ಜನ ಅವರ ಅಂಗಳದಲ್ಲಿ ಕೂತಿದ್ದರು. ಮಾಳಪ್ಪ ಎದ್ದು ನಿಂತ.

"ಅಕ್ಕೋರ ಹೆಸರಲೆ ನಾಳಿಂದ ಮಡ್ಡಿ ಮ್ಯಾಲ ಕುರಿ ನಿಲ್ಲಸ್ತೀವ್ರಿ. ಸುತ್ತಿನ ಊರಿನ ಹಿಂಡೆಲ್ಲಾ ಬರ್ತಾವ."

"ಬ್ಯಾಡಂದಿದ್ದರಲ್ಲೋ," ಎಂದರು ಯಾರೋ.

"ಅಂದಿದ್ದರು ಖರೆ. ಅವರೇ ಹೋದ ಮ್ಯಾಲ ನಾವು ಬರಿಗೈಲೆ ಹ್ಯಾಂಗ ಇರೂದ್ರಿ?"

ಹೆಂಗಸರು ಕಣ್ಣೊರೆಸಿಕೊಂಡರು. ನಾನು ಎಲ್ಲರಿಗೂ ನೀರು ಕೊಟ್ಟೆ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಮನ್ನಳ್ಳಿಗೆ ಹೋದೆ. ಹಿಂಡುಗಳು ಆಗಲೇ ಮಡ್ಡಿಯ ಅಂಚಿಗೆ ಬಂದಿದ್ದವು, ಮುಂದೆ ಮಾಳಪ್ಪ. ದಾರಿಗೆ ಅಡ್ಡ ನಿಂತು, "ಮಡ್ಡಿಗಿ ಏನೂ ಕೊಡಬ್ಯಾಡ್ರಿ" ಎಂದೆ. ಮಾಳಪ್ಪ ನಿಂತ. ಹಿಂದಿನವರಿಗೆ ಕೇಳಿಸಿರಲಿಲ್ಲ. ಎರಡನೆಯ ಸಲ ಹೇಳಿದೆ.