ವೀರಗಲ್ಲಿನ ಪಾದಕ್ಕೆ ಬಂದ ಹೊಳೆ

1998ರಲ್ಲಿ ನಾನು ದಾವಣಗೆರೆಯ ಒಂದು ಕಾಲೇಜಿನಲ್ಲಿ ಭೂಗೋಳದ ಉಪನ್ಯಾಸಕನಾಗಿದ್ದೆ. ಜಿಲ್ಲೆ ಇನ್ನೂ ಹೊಸದು. ಸುತ್ತಲಿನ ಹಳ್ಳಿಗಳ ಚರಿತ್ರೆ, ಭೂಗೋಳ ಎರಡನ್ನೂ ಸೇರಿಸಿ ಊರಿಗೊಂದು ಕಿರುಪುಸ್ತಕ ತರುವ ಆಸೆ ನಮಗಿತ್ತು. ನೆಲ, ನೀರು, ನಕ್ಷೆ ನನ್ನ ಪಾಲು. ಚರಿತ್ರೆಯ ಪಾಲು ಮಂಡಿಪೇಟೆಯ ಇಸ್ಮಾಯಿಲ್ ಸಾಹೇಬರದು. ಅವರು ಇತಿಹಾಸದ ಉಪನ್ಯಾಸಕರು, ನನಗಿಂತ ಹಿರಿಯರು. ಮೊದಲು ಆರಿಸಿಕೊಂಡದ್ದು ಹರಿಹರದಿಂದ ಕೆಳಗೆ, ತುಂಗಭದ್ರೆಯ ದಂಡೆಯ ಒಂದು ಪುಟ್ಟ ಊರನ್ನು.

ಊರೆದುರು ಹೊಳೆಯ ನಡುವೆ ಒಂದು ಗಡ್ಡೆ, ಅದರ ಮೇಲೆ ಎದೆಯೆತ್ತರದ ವೀರಗಲ್ಲು. ಮಳೆಗಾಲದ ಮಾತೆತ್ತಿದಾಗ ಊರಿನ ಹಿರಿಯರಾದ ರುದ್ರಗೌಡರು ನಕ್ಕಿದ್ದರು.

“ಹೊಳಿ ಆ ಕಲ್ಲಿನ ಪಾದ ಮುಟ್ಟಂಗಿಲ್ರಿ. ನಮ್ಮಜ್ಜ ನೋಡ್ಯಾನ, ಅವರಜ್ಜನೂ ನೋಡ್ಯಾನ. ಬರ್ಕೊಳ್ರಿ.”

ನಾನು ಬರೆದುಕೊಂಡೆ.

ಜುಲೈ ತಿಂಗಳ ಒಂದು ಬೆಳಿಗ್ಗೆ ಅಂಬಿಗರ ಹನುಮಂತಪ್ಪ ನಮ್ಮಿಬ್ಬರನ್ನೂ ಹರಗೋಲಿನಲ್ಲಿ ಗಡ್ಡೆಗೆ ದಾಟಿಸಿದ. ಸಾಹೇಬರು ಕಲ್ಲನ್ನು ತೊಳೆದು, ಒದ್ದೆ ಕಾಗದ ಹೊದಿಸಿ, ಅಕ್ಷರಗಳ ಗುಣಿಗೆ ಇಳಿಯುವಂತೆ ಬ್ರಷ್‌ನಿಂದ ಬಡಿದರು. ಇದು ಪಡಿಯಚ್ಚು ತೆಗೆಯುವ ಕ್ರಮ. ಕಾಗದ ಅರ್ಧ ಆರಿದ ಮೇಲೆ ಮಸಿ ಒತ್ತಬೇಕು, ಪೂರ್ತಿ ಆರಿದ ಮೇಲೆಯೇ ಬಿಡಿಸಬೇಕು. ಮೋಡದ ದಿನ ಅದು ಬೇಗ ಆರುವುದಿಲ್ಲ. “ನೀವು ಹೋಗಿ ದಂಡಿ ಅಳೀರಿ, ನಾನು ಈ ವೀರನ ಜೊತೆ ಹರಟೆ ಹೊಡೀತೀನಿ” ಎಂದರು. ನಾನು ಹನುಮಂತಪ್ಪನೊಡನೆ ಹಿಂದಿರುಗಿದೆ.

ನಾನು ಟೇಪು ಹಿಡಿದು ದಂಡೆಯಲ್ಲಿದ್ದಾಗ ನೀರಿನ ಬಣ್ಣ ಕೆಂಪಾಯಿತು. ಶಿವಮೊಗ್ಗದ ಕಡೆ ಜೋರು ಮಳೆಯಾಗಿತ್ತು. ಸಾಹೇಬರನ್ನು ಕರೆತರೋಣವೆಂದೆ. “ಗಾಬರಿ ಬ್ಯಾಡ್ರಿ, ಚಾ ಕುಡೀರಿ. ಕಲ್ಲೈತೆ ಅಲ್ಲಿ” ಎಂದರು ಗೌಡರು. ಹನುಮಂತಪ್ಪನೂ ಅದನ್ನೇ ನಂಬಿದ್ದ. ಅರ್ಧ ಲೋಟ ಚಹಾ ಕುಡಿಯುವಷ್ಟರಲ್ಲಿ ನೀರು ಕಲ್ಲಿನ ಬುಡದಲ್ಲಿತ್ತು. ಸಾಹೇಬರು ಎದ್ದು ನಿಂತು ಕಲ್ಲನ್ನು ತಬ್ಬಿಕೊಂಡರು. ನೀರು ಅವರ ಮೊಣಕಾಲಿಗೆ ಬಂತು, ತೊಡೆಗೆ ಬಂತು. ಗೌಡರ ಕೈಯಲ್ಲಿದ್ದ ಲೋಟ ವಾಲಿ ಚಹಾ ಪಂಚೆಯ ಮೇಲೆ ಸುರಿಯುತ್ತಿತ್ತು. ಅವರಿಗೆ ಅದರ ಪರಿವೆಯೇ ಇರಲಿಲ್ಲ.

ಹನುಮಂತಪ್ಪ ಹರಗೋಲನ್ನು ದಂಡೆಗುಂಟ ಮೇಲಕ್ಕೆ ಎಳೆದುಕೊಂಡು ಓಡಿದ. ಸೆಳೆತದಲ್ಲಿ ಅಡ್ಡ ದಾಟಲಾಗದು. ಮೇಲಿನಿಂದ ತೇಲಿಬಿಟ್ಟು ಹಾದುಹೋಗುವಾಗ ಕಲ್ಲನ್ನು ಹಿಡಿಯಬೇಕು. ತಪ್ಪಿದರೆ ಹರಗೋಲು ಮತ್ತೆ ಮೇಲೆ ಬರುವುದಿಲ್ಲ.

“ಹನುಮಂತಪ್ಪಾ, ಲಗೂ ಬಾರಪ್ಪ, ಕಾಗದ ಒಣಗೂ ಹಂಗೆ ಕಾಣಂಗಿಲ್ಲ!” ಎಂದು ಸಾಹೇಬರು ಕೂಗಿದರು. ದಂಡೆಯಲ್ಲಿ ಯಾರೂ ನಗಲಿಲ್ಲ.

ಹರಗೋಲು ತಿರುಗುತ್ತಾ ಬಂತು. ಹನುಮಂತಪ್ಪ ಒಂದು ಕೈಯಲ್ಲಿ ಕಲ್ಲಿನ ತಲೆಯನ್ನು, ಇನ್ನೊಂದರಲ್ಲಿ ಸಾಹೇಬರ ಅಂಗಿಯನ್ನು ಹಿಡಿದ. ಅಂಗಿ ಹರಿಯಿತು. ಆಮೇಲೆ ಅವರ ತೋಳು ಅವನ ಕೈಗೆ ಸಿಕ್ಕಿತು. ಆ ನಡುವಿನ ಕ್ಷಣ ನನಗೆ ಇವತ್ತಿಗೂ ಮುಗಿದಿಲ್ಲ. ಕಣ್ಣು ಮುಚ್ಚಿದರೆ ಕೆಲವೊಮ್ಮೆ ಆ ತೋಳು ಸಿಗುವುದೇ ಇಲ್ಲ. ನಿಜದಲ್ಲಿ ಇಬ್ಬರೂ ಬಹಳ ಕೆಳಗೆ, ಒಂದು ತಿರುವಿನಲ್ಲಿ ದಡ ಹತ್ತಿದರು.

ಬೇಸಿಗೆಯಲ್ಲಿ ನೀರಿಳಿದ ಮೇಲೆ ನಾನು ಮತ್ತೆ ಹೋದೆ. ಕಲ್ಲು ನಿಂತಲ್ಲೇ ನಿಂತಿತ್ತು. ಬದಲಾದದ್ದು ಗಡ್ಡೆಯ ಮೇಲ್ದಿಕ್ಕು. ಹಿಂದೆ ಅಲ್ಲೊಂದು ಮರಳ ದಿಬ್ಬವಿತ್ತಂತೆ. ಹೊಳೆಯ ಬಲವೆಲ್ಲ ಅದಕ್ಕೆ ಬಡಿದು ಆಚೆ ದಡಕ್ಕೆ ಹೊರಳುತ್ತಿತ್ತು. ದಾವಣಗೆರೆಯ ಹೊಸ ಮನೆಗಳಿಗೆಂದು ಊರವರು ಕೆಲವು ವರ್ಷಗಳಿಂದ ಆ ಮರಳನ್ನು ಗಾಡಿಗಳಲ್ಲಿ ಸಾಗಿಸಿದ್ದರು. ಗೌಡರ ಅಜ್ಜ ಕಂಡದ್ದು ಸುಳ್ಳಲ್ಲ. ಅವರು ಕಂಡ ಹೊಳೆ ಬೇರೆ.

ದಿಬ್ಬವಿದ್ದಲ್ಲಿ ಈಗ ಗುಂಡಿಯಿತ್ತು. ಗೌಡರು ತಾವೇ ಅದಕ್ಕೆ ಇಳಿದರು. ಅದರ ಅಂಚು ಅವರ ತಲೆಗಿಂತ ಮೇಲಿತ್ತು.

“ನಾವ ದಾರಿ ಕಡಿದು ಕೊಟ್ಟೀವಲ್ರಿ ಸರ್” ಎಂದರು. “ಇದನ್ನೂ ಬರ್ಕೊಳ್ರಿ.”

ಆಮೇಲೆ ಯಾವ ಊರಿಗೆ ಹೋದರೂ ಹಿರಿಯರ ಮಾತನ್ನು ಗೌರವದಿಂದಲೇ ಕೇಳುತ್ತೇನೆ. ಕೇಳಿದ ಮೇಲೆ, ನಿಮ್ಮ ಅಜ್ಜಂದಿರ ಕಾಲದ ನಂತರ ಇಲ್ಲಿ ಏನನ್ನು ಅಗೆದಿರಿ, ಎಲ್ಲಿಗೆ ಸಾಗಿಸಿದಿರಿ ಎಂದೂ ಕೇಳುತ್ತೇನೆ. ಉತ್ತರ ಸಿಗುವವರೆಗೆ ಯಾರನ್ನೂ ನೀರಿಗೆ ಇಳಿಸುವುದಿಲ್ಲ.